ನೀರಡಿಯ ಅಂಗಡಿ

ಬಂದರು ವರ್ಷ ತೊಂಬತ್ತೆರಡು, ನೀರು ಅಲುಗಾಡದ ಹುಣ್ಣಿಮೆ
ಬೆಳ್ಗುಂಡಿ ಅಳಿವೆಯ ದಡ

ಬಂದರಿನ ವರದಿ ಬರೆಯುತ್ತಿರುವ ತಮ್ಮಾ,

ಈ ತಾರೀಕು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬಂದರು ಕಟ್ಟಿದ ದಿನದಿಂದ ನಾವು ವರ್ಷ ಎಣಿಸುವುದು ಹೀಗೆಯೇ. ನಾನು ಓದಿದ್ದು ನಾಲ್ಕನೇ ಇಯತ್ತೆ. ಮಾತು ಒರಟಾದರೆ, ಕೆಲವು ಶಬ್ದ ನಿನಗೆ ಹೊಸದಾದರೆ ಸಹಿಸಿಕೋ. ಹುಟ್ಟಿದ ವರ್ಷ ನೋಡಿದರೆ ನೀನು ನನ್ನ ಅಜ್ಜನ ಸಮ. ಆದರೆ ಇವತ್ತಿಗೆ ನನಗೆ ಎಪ್ಪತ್ತೆಂಟು, ನಿನಗೆ ಮೂವತ್ತೂ ತುಂಬಿಲ್ಲ. ಅದಕ್ಕೇ 'ನೀನು' ಎನ್ನುತ್ತಿದ್ದೇನೆ.

ನಿನ್ನ ವರದಿಯ ಅರವತ್ತಮೂರನೇ ಪುಟ ನಮ್ಮ ಮನೆಯಲ್ಲಿದೆ. "ಅಳಿವೆಯ ಕೆಸರು ಪ್ರದೇಶದಲ್ಲಿ ಯಾವುದೇ ಜೀವನೋಪಾಯ ಚಟುವಟಿಕೆ ಕಂಡುಬಂದಿಲ್ಲ." ಎಷ್ಟು ಚಂದದ ವಾಕ್ಯ. ಒಂದು ಕಾಗುಣಿತ ತಪ್ಪಿಲ್ಲ.

ಹೇಗೆ ಕಂಡೀತು? ನೀನು ಬಂದದ್ದು ಹುಣ್ಣಿಮೆಯ ಮಧ್ಯಾಹ್ನ, ಸಮುದ್ರದ ನೀರು ಅಳಿವೆಗೆ ತುಂಬಿ ನಿಂತ ಭರತದ ಹೊತ್ತಿಗೆ. ಬೆಳಗಿನ ಜಾವ, ಇಳಿತದಲ್ಲಿ, ಇನ್ನೂರು ಹೆಂಗಸರು ಸೊಂಟದವರೆಗೆ ಕೆಸರಲ್ಲಿ ನಿಂತು ಬಳಚು ಎಂಬ ಚಿಪ್ಪಿಯನ್ನು ಕಾಲಲ್ಲಿ ತಡವಿ, ಕೈಯಲ್ಲಿ ಹೆಕ್ಕಿ ಮನೆಗೆ ಹೋಗಿಯಾಗಿತ್ತು. ಅವರಲ್ಲೊಬ್ಬಳು ನನ್ನ ಮುತ್ತಜ್ಜಿ ಗಣಪಿ. ಪಂಚಾಯ್ತಿ ಮೆಂಬರ ಜಗುಲಿಯಲ್ಲಿ ನೀನು ಎರಡು ಸಲ ಹಾಕಿಸಿಕೊಂಡು ಉಂಡೆಯಲ್ಲ ಬಳಚಿನ ಸುಕ್ಕ, ಅದನ್ನು ಮಾಡಿ ಬಡಿಸಿದವಳೂ ಅವಳೇ. ಬೆರಳು ನೆಕ್ಕುತ್ತಾ ನೀನು ಕೇಳಿದೆ: "ಅಮ್ಮಾ, ಇದನ್ನ ಯಾವ ಅಂಗಡಿಯಿಂದ ತಂದ್ರಿ?"

"ಅಂಗ್ಡಿ ಈಗ ನೀರಡಿಗೆ ಅದೆ ತಮಾ. ಸಂಜಿಗೆ ಬಾಗ್ಲು ತೆಗಿತದೆ, ನಿಲ್ಲು."

ನೀನು ನಕ್ಕೆ. ನಕ್ಕು ಜೀಪು ಹತ್ತಿದೆ. ಮುದುಕಿ ತಮಾಷೆ ಮಾಡುತ್ತಾಳೆ ಅಂದುಕೊಂಡೆ. ಆಮೇಲೆ ಈ ಪುಟವನ್ನು ಯಾರೋ ಓದಿ ಹೇಳಿದಾಗ ಅವಳು ಅಂದದ್ದು ಇಷ್ಟೇ: "ತಿಂಬೂಕೆ ಕಂಡದ್ದು ಬರಿಯೂಕೆ ಕಾಣ್ಲಿಲ್ವಾ ಅವಂಗೆ?"

ನಿನ್ನ ಒಂದು ವಾಕ್ಯದ ಮೇಲೆ ಹೂಳೆತ್ತುವ ಯಂತ್ರ ಬಂತು, ಕೆಸರು ಹೋಯಿತು, ಗೋಡೆ ಎದ್ದಿತು. ಈಗ ಇಲ್ಲಿ ಇರುವುದು ನಿಲ್ಲುನೀರು. ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಎಣ್ಣೆಯ ಪೊರೆ ಹೊದ್ದು ಬಿದ್ದಿರುತ್ತದೆ. ಅಳಿವೆಯ ಒಡತಿಯರ ಮರಿಮಕ್ಕಳು ಹಗ್ಗದಲ್ಲಿ ನೇತಾಡುತ್ತಾ ಹಡಗಿನ ತಳ ಉಜ್ಜುತ್ತಾರೆ. ನಾನೂ ನಲವತ್ತು ವರ್ಷ ಉಜ್ಜಿದ್ದೇನೆ. ಬೆರಳುಗಳು ಇನ್ನೂ ನೆಟ್ಟಗಾಗುವುದಿಲ್ಲ. ಊಟಕ್ಕೆ ಪುಡಿಬಳಚು ಬರುತ್ತದೆ. ಕಾರ್ಖಾನೆಯಲ್ಲಿ ಮಾಡಿದ ಬೂದುಬಣ್ಣದ ಹಿಟ್ಟು, ಬಳಚಿನ ವಾಸನೆ ಹಾಕಿದ್ದು. ವಾಸನೆ ಹಾಕಿದವನೂ ಬಳಚು ಕಂಡವನಲ್ಲ. ಶಾಲೆಯಲ್ಲಿ ಮಕ್ಕಳಿಗೆ ತಟ್ಟೆಯಿಳಿತ ಎಂಬ ಪಾಠವಿದೆ. ತಟ್ಟೆಗೆ ನೀರು ಹೊಯ್ದು, ವಾಲಿಸಿ, ನದಿ ಹೀಗೆ ಇಳಿಯುತ್ತಿತ್ತು ಎಂದು ತೋರಿಸುತ್ತಾರೆ. ನನ್ನ ಮೊಮ್ಮಗಳು ಅದನ್ನು ಮನೆಯಲ್ಲಿ ಮಾಡಿ ತೋರಿಸಿದಳು. ನಾನು ತಟ್ಟೆ ಕಿತ್ತುಕೊಂಡು ಬಿಸಾಡಿದೆ. ಪಾಪ, ಮಗು ಅತ್ತಿತು. ಆ ಅಳುವನ್ನೂ ನಿನ್ನ ತಲೆಗೇ ಕಟ್ಟುತ್ತೇನೆ.

ಇನ್ನೊಂದು ಇದೆ. ಬರುವ ಅಷ್ಟಮಿಯ ಹತ್ತೂವರೆಗೆ ನೀನು ಶಾಲೆಯಲ್ಲಿ ಅಹವಾಲು ಸಭೆ ಇಟ್ಟಿದ್ದೀಯ. ಅಷ್ಟಮಿಯ ಆ ಹೊತ್ತಿಗೆ ಇಳಿತ. ಹೆಂಗಸರೆಲ್ಲ ಕೆಸರಿನಲ್ಲಿರುತ್ತಾರೆ, ಖಾಲಿ ಬೆಂಚು ನೋಡಿ ನೀನು "ಆಕ್ಷೇಪಣೆ ಇಲ್ಲ" ಎಂದು ಬರೆಯುತ್ತೀಯ. ನೋಡಲು ಬಂದದ್ದು ಭರತಕ್ಕೆ, ಕೇಳಲು ಕರೆದದ್ದು ಇಳಿತಕ್ಕೆ. ಬೇಕೆಂದೇ ಮಾಡಿದ್ದರೆ ನಿನಗೆ ಶಾಪ ಹಾಕಿ ಸುಮ್ಮನಾಗುತ್ತಿದ್ದೆ. ಗೊತ್ತಿಲ್ಲದೆ ಮಾಡಿದೆ ಎಂಬುದೇ ನನ್ನ ಹೊಟ್ಟೆ ಉರಿಸುತ್ತದೆ. ಒಂದು ಮಾತು ಕೇಳಿದ್ದರೆ ಊರಿನ ಯಾವ ಕೂಸೂ ಹೇಳುತ್ತಿತ್ತು.

ನನ್ನ ಕಡೆ ಇದೆಲ್ಲ ಆಗಿಹೋಗಿದೆ. ನಿನ್ನ ಕಡೆ ಇನ್ನೂ ಆಗಿಲ್ಲ. ಪುಟ ನಿನ್ನ ಮೇಜಿನ ಮೇಲಿದೆ, ಸಹಿ ಬಿದ್ದಿಲ್ಲ. ಅದನ್ನು ಹರಿ. ಸಭೆಯನ್ನು ಹುಣ್ಣಿಮೆಯ ಮಧ್ಯಾಹ್ನಕ್ಕೆ ಹಾಕು, ಎಲ್ಲರೂ ಬರುತ್ತಾರೆ, ನಿನ್ನ ಕಿವಿ ತೂತಾಗುವಷ್ಟು ಮಾತಾಡುತ್ತಾರೆ. ಅಷ್ಟಮಿಯ ಬೆಳಿಗ್ಗೆ ಬೂಟು ಜೀಪಿನಲ್ಲೇ ಬಿಟ್ಟು ಅಳಿವೆಗೆ ಇಳಿ. ಗಣಪಿ ಅಲ್ಲಿರುತ್ತಾಳೆ. ಬೈಯುತ್ತಾಳೆ, ಬೈಸಿಕೋ. ಎಣಿಸು, ಬರೆದುಕೋ.

ಅಂಗಡಿ ಬಾಗಿಲು ತೆಗೆದಿರುತ್ತದೆ.

ಬೀರಮ್ಮ,
ಗಣಪಿಯ ಮರಿಮಗಳು