ವೀಲ್‌ಚೇರ್ ನಂಬರ್ ಹದಿನೇಳು

ಫೆಬ್ರವರಿ 24, ಸೋಮವಾರ

ಮತ್ತೆ ತಾರೀಕಿನ ಕಾಲಂ. ಬೆಳಿಗ್ಗೆಯಿಂದ ಅದೇ. ಒಂದು ಸಾಲಿನಲ್ಲಿ ದಿನ ಮೊದಲು, ಇನ್ನೊಂದರಲ್ಲಿ ತಿಂಗಳು ಮೊದಲು, ಮತ್ತೊಂದರಲ್ಲಿ ಬರೀ ‘ನಿನ್ನೆ’. ಹಾಗೆ ಬರೆದವಳು ನಾನೇ. ಯಾರನ್ನು ಬೈಯಲಿ.

ಮ್ಯಾನೇಜರಿಗೆ ಹೊಸ ಆ್ಯಪಿನ ಹುಚ್ಚು. ಕೋಡ್ ಬರೆಯುವುದೇ ಬೇಡ, ಎಕ್ಸೆಲ್ ಶೀಟು ಹಾಕಿದರೆ ಸಾಕು, ಆ್ಯಪ್ ತಾನೇ ಎದ್ದು ನಿಲ್ಲುತ್ತದಂತೆ. ವೀಲ್‌ಚೇರ್, ವಾಕರ್, ಊರುಗೋಲು, ನಾವು ಜನರಿಗೆ ಎರವಲು ಕೊಡುವುದೆಲ್ಲ — ಯಾರು ಒಯ್ದರು, ಯಾವಾಗ ತಂದರು — ಆರು ವರ್ಷದ ಸಾಲುಗಳು. ಮೂರೂ ಬ್ರಾಂಚಿನವು ಒಂದೇ ಕಡೆ, ಎಲ್ಲರಿಗೂ ಕಾಣುವಂತೆ. ಶೀಟು ಸರಿ ಮಾಡುವುದು ನನ್ನ ತಲೆಗೆ.

ಎಲ್ಲರಿಗೂ ಎಂದರೆ... ಮೊದಲು ಇಲ್ಲಿ ಸಂಜೆ ಪಾಳಿಯಲ್ಲಿದ್ದವರಿಗೂ.

ಫೆಬ್ರವರಿ 26, ಮಧ್ಯಾಹ್ನ

ಹದಿನೇಳು ಸಿಕ್ಕಿತು. ಸಿಗುತ್ತದೆಂದು ಗೊತ್ತಿತ್ತು.

ವೀಲ್‌ಚೇರ್ 17. ಚಕ್ರ ಮುರಿದು ಗೋಡೌನಿನ ಮೂಲೆ ಸೇರಿದ್ದು. ಶೀಟಿನ ಪ್ರಕಾರ ಅದಕ್ಕೆ ಬಿಡುವೇ ಇಲ್ಲ — ಅರವತ್ತಮೂರು ಸಲ ಹೊರಗೆ ಹೋಗಿದೆ! ನನ್ನದು ಬೆಳಗಿನ ಪಾಳಿ, ಅವರದು ಸಂಜೆ. ಎರಡು ಗಂಟೆಗೆ ಬೀಗದ ಕೈ ಕೊಡುವಷ್ಟೇ ಭೇಟಿ. ಉಳಿದ ಮಾತೆಲ್ಲ 17ರ ಷರಾ ಕಾಲಂನಲ್ಲಿ. ಒಯ್ದವರು: ಬೆಳಿಗ್ಗೆ. ಷರಾ: ‘ಕಿಟಕಿ ಹತ್ರದ ಫ್ಯಾನ್ ಮತ್ತೆ ಕೂಗ್ತಿದೆ.’ ಒಯ್ದವರು: ಸಂಜೆ. ಷರಾ: ‘ನಿಮ್ಮನ್ನೇ ಕೇಳ್ತಿತ್ತು.’ ಉತ್ತರ ಕೊಟ್ಟವರು ‘ವಾಪಸ್ ಬಂದ ದಿನ’ ತುಂಬಬೇಕು. ಅದು ನಮ್ಮಿಬ್ಬರ ನಿಯಮ.

ಕೊನೆಯ ಸಾಲು ಜುಲೈ 6. ಅವರದು. ‘ಒಂದು ದಿನ ಪಾಳಿ ಮುಗಿದ ಮೇಲೂ ಇರ್ತೀರಾ? ಚಹಾ ಕುಡಿಯೋಣ.’ ವಾಪಸ್ ಬಂದ ದಿನ: ಖಾಲಿ.

ಮಾರನೇ ದಿನವೇ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಹದಿನೈದು ದಿನ ರಜೆ. ಬಂದು ನೋಡಿದರೆ ಅವರನ್ನು ಬೇರೆ ಊರಿನ ಬ್ರಾಂಚಿಗೆ ಹಾಕಿದ್ದರು. ಈ ಶೀಟು ಅವರಿಗೆ ಕಾಣದಂತಾಗಿತ್ತು. ನಾನು ಒಲ್ಲೆ ಎಂದೆನೆಂದುಕೊಂಡೇ ಹೋಗಿರಬೇಕು. ಫೋನ್ ನಂಬರ್ ಇದೆ. ಎಂಟು ತಿಂಗಳಾದ ಮೇಲೆ ಏನೆಂದು ಶುರು ಮಾಡುವುದು?

ಫೆಬ್ರವರಿ 28

ಅರವತ್ತೆರಡು ಸಾಲು ಅಳಿಸಿದೆ. ಮೊದಲು ಈ ಪುಸ್ತಕದ ಹಿಂದಿನ ಪುಟಗಳಿಗೆ ಇಳಿಸಿಕೊಂಡೆ. ಕೊನೆಯದಕ್ಕೆ ಕೈ ಬರಲಿಲ್ಲ. ನಾಳೆ ಅಳಿಸಿದರಾಯಿತು.

ಅಮ್ಮನ ಕಣ್ಣು ತಪ್ಪಿಸುವುದು ಕಷ್ಟ. “ಊಟ ಆರ್ತಾ ಇದೆ. ಆ ಫೋನನ್ನ ದುರುಗುಟ್ಟಿ ನೋಡಿದ್ರೆ ಅದು ಹೆದರ್ಕೊಂಡು ರಿಂಗ್ ಆಗತ್ತಾ?”

ಮಾರ್ಚ್ 4

ಶೀಟು ಆ್ಯಪಿಗೆ ಇಂಪೋರ್ಟ್ ಆಯಿತು. ಆ ಕೊನೆಯ ಸಾಲನ್ನು ನಾನು ಅಳಿಸಿರಲಿಲ್ಲ.

ಎರಡು ಸಾಲಿಗೆ ಎರರ್ ಬಂತು. ಅವೆರಡೂ ನನ್ನವೇ. ಅವರದಕ್ಕೆ ಬರಲಿಲ್ಲ — ತಾರೀಕು ಸರಿ, ನಂಬರ್ ಸರಿ, ಎಲ್ಲ ಅಚ್ಚುಕಟ್ಟು. ಆ್ಯಪ್ ತೆರೆದರೆ ಮೊದಲ ಪುಟದಲ್ಲೇ ಕೆಂಪಕ್ಷರ: ವೀಲ್‌ಚೇರ್ 17, ವಾಪಸ್ ಬಂದಿಲ್ಲ, 241 ದಿನ.

ಮ್ಯಾನೇಜರ್ ಷರಾ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

“ಕುರ್ಚಿ ಗೋಡೌನಲ್ಲೇ ಇದೆಯಲ್ಲಮ್ಮ. ಈ ಎಂಟ್ರಿ ನಾಳೆ ಒಳಗೆ ಕ್ಲೋಸ್ ಮಾಡು. ಹೇಗೆ ಅಂತ ನಿನಗೇ ಗೊತ್ತಲ್ಲ.”

ನಗಲಿಲ್ಲ. ದೊಡ್ಡ ಮನುಷ್ಯ.

ಮಾರ್ಚ್ 5

ಮೂರು ಸಲ ಡಿಲೀಟ್ ಮೇಲೆ ಬೆರಳಿಟ್ಟೆ.

ಇಲ್ಲಿ ಯಾರು ಓದುತ್ತಾರೆ, ಬರೆದೇ ಬಿಡುತ್ತೇನೆ — ನನಗೆ ಅವರು ಬೇಕು. ಎರಡು ಗಂಟೆ ಹೊಡೆದರೆ ಈಗಲೂ ಬಾಗಿಲ ಕಡೆ ನೋಡುತ್ತೇನೆ.

ವಾಪಸ್ ಬಂದ ದಿನ: ಮಾರ್ಚ್ 5. ಷರಾ: ‘ಶುಕ್ರವಾರ ಇರ್ತೀನಿ.’ ಸೇವ್. ಮೂರು ಬ್ರಾಂಚಿಗೂ ಕಾಣಲಿ.

ಮಾರ್ಚ್ 6

ಏನೂ ಇಲ್ಲ. ಹನ್ನೊಂದು ಸಲ ತೆರೆದು ನೋಡಿದೆ.

ಮಾರ್ಚ್ 7, ಶುಕ್ರವಾರ ಬೆಳಿಗ್ಗೆ

ಅವರಿರುವ ಬ್ರಾಂಚಿನಿಂದ ಒಂದು ಬೇಡಿಕೆ ಬಂದಿದೆ. ವೀಲ್‌ಚೇರ್ 17 ಬೇಕಂತೆ. ಚಕ್ರ ಮುರಿದಿದೆ ಎಂದು ಅಲ್ಲೇ ಕಾಣುತ್ತದೆ, ಆದರೂ ಬೇಕಂತೆ. ಇಂದೇ ಬರುತ್ತಾರೆ. ಬರುವವರ ಹೆಸರು: ಖಾಲಿ.

ಸಂಜೆ 5:20

ಪಾಳಿ ಮುಗಿದು ಮೂರು ಗಂಟೆಯ ಮೇಲಾಯಿತು. ಕುರ್ಚಿ ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಸಂಜೆ ಪಾಳಿಯವಳು ಎರಡು ಸಲ ಕೇಳಿದಳು, ಮನೆಗೆ ಹೋಗಲ್ವಾ ಎಂದು. ವಾಕರ್ ಎಣಿಸುವುದಿದೆ ಎಂದೆ. ಸುಳ್ಳು.

ಗೇಟಿನಲ್ಲಿ ವ್ಯಾನ್. ಡ್ರೈವರ್ ಇಳಿದ. ಒಬ್ಬನೇ.

ಎದ್ದು ಕುರ್ಚಿ ತೋರಿಸಬೇಕು. ಇಲ್ಲೇ ಕೂತು ಬರೆಯುತ್ತಿದ್ದೇನೆ. ಎಂಥ ಹುಚ್ಚಿ ನಾನು... ತಡಿ, ವ್ಯಾನಿನ ಆ ಕಡೆ ಬಾಗಿಲೂ ತೆರೆಯುತ್ತಿದೆ —