ನಡುವಿನ ಖಾಲಿ ಜಾಗ

ಮಾರ್ಚ್ 14, ಶನಿವಾರ

ಸ್ಪೀಕರ್ ಇಟ್ಟುಕೊಳ್ಳಲೋ, ಹಿಂದಿರುಗಿಸಲೋ? ಅಂಗಡಿಯವರು ಕೊಟ್ಟ ಗಡುವು ನಾಳೆಗೆ ಮುಗಿಯುತ್ತದೆ. ಟೈರ್ ಅಂಗಡಿಯಲ್ಲಿ ದುಡಿದದ್ದೆಲ್ಲ ಶೂ ಡಬ್ಬಿಯಷ್ಟಿರುವ ಈ ಎರಡು ಪೆಟ್ಟಿಗೆಗಳಲ್ಲಿ ಕೂತಿದೆ. ಪುಸ್ತಕದ ಕಪಾಟಿನಲ್ಲಿ ಇಟ್ಟಾಗಿನಿಂದ ಅವು ಮಡಕೆಯೊಳಗೆ ಬಾಯಿಟ್ಟು ಹಾಡಿದಂತೆ ಗುಂಯ್‌ಗುಟ್ಟುತ್ತಿದ್ದವು. ತಪ್ಪು ಕೋಣೆಯದು ಎಂದೆ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದಳು ಅಕ್ಕ. “ಸ್ಕೂಲ್ ಬಿಡೋವಾಗ್ಲೂ ಮೇಷ್ಟ್ರು ಸರಿ ಇಲ್ಲ ಅಂದಿದ್ದೆ.”

ಆ ಮಾತು ನಿಜ, ಅದಕ್ಕೇ ಚುಚ್ಚಿತು. ಸಂಜೆ ಹಟಕ್ಕೆ ಬಿದ್ದು ಎರಡನ್ನೂ ಕಪಾಟಿನಿಂದ ಇಳಿಸಿ, ಗೋಡೆಯಿಂದ ದೂರ ತಂದು ಸ್ಟೂಲುಗಳ ಮೇಲೆ ಇಟ್ಟೆ. ಗುಂಯ್ ಸದ್ದು ಹೋಯಿತು. ಹಾಡುವವಳು ಪೆಟ್ಟಿಗೆಯಿಂದ ಹೊರಗೆ ಬಂದು, ಎರಡರ ನಡುವಿನ ಖಾಲಿ ಜಾಗದಲ್ಲಿ ನಿಂತಳು. ಅವಳು ಉಸಿರೆಳೆದುಕೊಂಡದ್ದೂ ಕೇಳಿತು. ನಿಜವಾಗಿ ಕೇಳಿತೋ, ದುಡ್ಡು ಕೊಟ್ಟ ಕಿವಿಗೆ ಹಾಗನ್ನಿಸಿತೋ?

ಅಕ್ಕನನ್ನು ಕರೆದು ಕೂರಿಸಿದೆ. “ಕಣ್ಣು ಮುಚ್ಕೋ. ಹಾಡೋಳು ಎಲ್ಲಿದ್ದಾಳೆ ತೋರ್ಸು.”

“ಎಲ್ಲಿದ್ರೆ ನಿಂಗೇನೋ, ಮದುವೆ ಆಗ್ತೀಯಾ?” ಎಂದು ಎದ್ದು ಹೋದಳು.

ಅಷ್ಟರಲ್ಲಿ ಅಮ್ಮ ಒಣಗಿದ ಬಟ್ಟೆ ಹೊತ್ತು ಬಂದಳು. ಬೀರುವಿಗೆ ನೇರ ದಾರಿ ಸ್ಪೀಕರುಗಳ ನಡುವೆಯೇ ಇತ್ತು. ಆದರೂ ಆ ಖಾಲಿ ಜಾಗವನ್ನು, ಅಲ್ಲಿ ಯಾರೋ ನಿಂತಿರುವ ಹಾಗೆ, ಬಳಸಿಕೊಂಡು ಹೋದಳು. ಹಾಡು ಇನ್ನೂ ನಡೆದಿತ್ತು; ಅಮ್ಮನಿಗೂ ಅವಳು ಅಲ್ಲಿ ನಿಂತಂತೆ ಕೇಳಿಸಿತೇ?

ಆದರೆ ಅಲ್ಲೇ ನೆಲದ ಮೇಲೆ ವೈರೂ ಬಿದ್ದಿತ್ತು. ಕಾಲಿಗೆ ತೊಡರೀತೆಂದು ಸುತ್ತಿ ಹೋಗಿರಬಹುದು. ಕೇಳಿದರೆ ನನ್ನ ಮುಖ ನೋಡಿ ನನಗೆ ಬೇಕಾದದ್ದನ್ನೇ ಹೇಳುತ್ತಾಳೆ. ಈಗ ವೈರನ್ನು ಗೋಡೆಯಂಚಿಗೆ ಸರಿಸಿದ್ದೇನೆ. ಬೆಳಿಗ್ಗೆ ಅದೇ ಹಾಡು ಹಾಕಿ ಅಮ್ಮನನ್ನು ಸುಮ್ಮನೆ ಒಳಗೆ ಕರೆಯಬೇಕು. ಆ ಜಾಗದಲ್ಲೇ ನೇರ ನಡೆದು ಬಂದರೆ ಸ್ಪೀಕರ್ ವಾಪಸು. ಅಂದರೆ, ಕೊಡಲೇಬೇಕಾಗುತ್ತದೆ, ಅಲ್ಲವೇ?