ಕಾಫಿ ಕುಡಿದರೆ ಮಹಡಿ ತೋರಿಸು

ಉಮಾ,

ನಾನು ಗಂಡಸಿ ಊರಿನ ಸ್ಕೂಲಿಗೆ ಪಾಠ ಮಾಡೋಕೆ ಹೊರಟೆ. ಮಾರಾಟಕ್ಕಿಟ್ಟ ಈ ಮನೆ ನೋಡೋಕೆ ಹನ್ನೊಂದಕ್ಕೆ ಬೇಲೂರಿನವರು ಬರ್ತಾರೆ. ಬಚ್ಚಲ ನಲ್ಲಿ ಸೋರುತ್ತೆ ಅಂತ ಅವರು ಕೇಳೋ ಮುಂಚೆ ನೀನೇ ಹೇಳಿಬಿಡು.

ಭಾನುವಾರ ಬಂದೋರು ಹಾಲ್‌ನಲ್ಲಿ ಅಂಬೇಡ್ಕರ್ ಫೋಟೋ ನೋಡಿದ್ದೇ ಕಾಫಿ ಮುಟ್ಟದೆ ಎದ್ದು ಹೋದ್ರು, ನಿಜ. ಅದಕ್ಕೆ ಬ್ರೋಕರ್ ಮಾತು ಕೇಳಿ ಫೋಟೋನ ಬೀರು ಹಿಂದೆ ಬಚ್ಚಿಡೋದಾ? ಗೃಹಪ್ರವೇಶದ ದಿನ ಅಪ್ಪ ಕೈಯಾರೆ ಮೊಳೆ ಹೊಡೆದು ಹಾಕಿದ್ದು ಕಣೇ ಅದು. ಒರೆಸಿ ಮತ್ತೆ ಅಲ್ಲೇ ಹಾಕಿದ್ದೀನಿ. ತೆಗೀಬೇಡ.

ಮೊದಲು ಕಾಫಿ ಕೊಡು. ಕುಡಿದರೆ ಮಹಡಿ ತೋರಿಸು. ಕುಡೀದಿದ್ರೆ ಜಗಳ ಆಡಬೇಡ. ಗೇಟಿನವರೆಗೂ ಹೋಗಿ ಮರ್ಯಾದೆಯಿಂದ ಕಳಿಸು, ಒಳಗೆ ಬಂದು ಆ ಕಾಫಿ ನೀನೇ ಕುಡಿ. ಭಾನುವಾರ ಅವರು ಬಿಟ್ಟುಹೋದ ಕಾಫೀನ ನಾನು ಚೆಲ್ಲಿಬಿಟ್ಟೆ. ಇವತ್ತು ಚೆಲ್ಲೋದು ಬೇಡ.

– ಅಕ್ಕ